ಲೇಸಿನ ಕೈ, ಗೇರುಬೀಜದ ಕೈ

ನಮ್ಮ ಮನೆಯಲ್ಲಿ ಪಾತ್ರೆ ಬೆಳಗುವ ಬೂದಿಯ ಮಡಕೆಯನ್ನು ಅಕ್ಕ ಮುಟ್ಟುವ ಹಾಗಿರಲಿಲ್ಲ. ಅದು ಅಮ್ಮನ ಆರ್ಡರ್. ಬೂದಿ ಮಾತ್ರವಲ್ಲ; ತೆಂಗಿನ ನಾರು, ಹಲಸಿನ ಮೇಣ, ಸುಣ್ಣದ ಡಬ್ಬಿ, ಬಾವಿಯ ಹಗ್ಗ ಎಲ್ಲವೂ ಅವಳಿಗೆ ಫರ್ಬಿಡನ್. ನಾನು ಅವಳಿಗಿಂತ ಎಷ್ಟೋ ಚಿಕ್ಕವಳು, ಆದರೂ ನೀರು ಸೇದುವುದು ನನ್ನ ಪಾಲಿಗೆ, ಮೀನು ಉಜ್ಜುವುದು ಅಮ್ಮನ ಪಾಲಿಗೆ. ಊಟ ಮುಗಿಸಿದ ಅಕ್ಕ ತನ್ನ ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೊರಟರೆ ಅಮ್ಮ ಹಿಂದಿನಿಂದ ಬಂದು ಕಸಿದುಕೊಳ್ಳುತ್ತಿದ್ದಳು.

“ಬಿಡು, ಕೈ ಹಾಳಾಗ್ತದೆ.”

ಬೇಲಿಯಾಚೆ ತುಳು ಮಾತಾಡುವ ಹೆಂಗಸೊಬ್ಬಳಿದ್ದಳು. ನಾವು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಸಂಬಂಧವೇನೂ ಇಲ್ಲ, ಬೇಲಿಯೊಂದೇ ಸಂಬಂಧ. ಕ್ರಿಸ್ತುವರ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದು ಕರೆಯುವುದು ರೂಢಿ. ಅವಳೂ ಅಮ್ಮನನ್ನು ಹಾಗೆಯೇ ಕರೆಯುತ್ತಿದ್ದಳು, ಆದರೆ ಅವಳ ಬಾಯಲ್ಲಿ ಅದು ಯಾವಾಗಲೂ ಅರ್ಧ ತಮಾಷೆ.

“ಎಂತ ಬಾಯಮ್ಮ, ಮಗಳನ್ನು ಒಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಬಿಡಿ ಮಾರಾಯ್ತಿ, ನಿಮ್ಮ ಇಗರ್ಜಿಯ ಮಾತೆಯನ್ನು ಇಟ್ಟ ಹಾಗೆ!”

“ನೀನು ನಗು. ಅವಳ ಬೆರಳಿನಲ್ಲಿ ಈ ಮನೆಯ ಗಂಜಿ ಉಂಟು.”

ಅಮ್ಮ ಹೇಳಿದ್ದು ನಿಜ. ನಮ್ಮ ಮನೆ ಮಂಗಳೂರಿನ ದಕ್ಷಿಣಕ್ಕೆ, ಕುಂಜತ್ತೂರಿನ ಕಡೆಯದು. ಅಪ್ಪ ಒಬ್ಬ ಕೊಬ್ಬರಿ ವ್ಯಾಪಾರಿಯ ಗೋಡೌನಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಾನು ಇನ್ನೂ ಅಂಗಳದಲ್ಲಿ ಆಡುವ ವಯಸ್ಸಿನಲ್ಲಿದ್ದಾಗ ಕೊಬ್ಬರಿಯ ಬೆಲೆ ಬಿತ್ತು, ಗೋಡೌನಿಗೆ ಬೀಗ ಬಿತ್ತು. ಸ್ಲಂಪ್ ಎಂಬ ಶಬ್ದವನ್ನು ನಾನು ಸ್ಕೂಲಿನಲ್ಲಿ ಕಲಿತದ್ದಲ್ಲ, ಮನೆಯ ಜಗಲಿಯಲ್ಲಿ ಕಲಿತದ್ದು. ಹಂಚಿನ ಕಾರ್ಖಾನೆಯವರು ಅರ್ಧ ಜನರನ್ನು ಮನೆಗೆ ಕಳಿಸಿದರು. ಘಟ್ಟದ ಕಾಫಿ ತೋಟಗಳಿಗೆ ಹೋದವರು ಕೆಲಸವಿಲ್ಲದೆ ಮೊದಲೇ ಇಳಿದು ಬಂದರು. ಕೂಲಿ ಇಳಿಯಿತು, ಇಳಿದ ಕೂಲಿಗೂ ಜನ ಸಾಲುಗಟ್ಟಿದರು. ಅಪ್ಪನ ಹಾಗೆ ಕೋಟು ಹಾಕುತ್ತಿದ್ದವರಿಗೆ ಆ ಸಾಲಿನಲ್ಲಿ ನಿಲ್ಲಲೂ ಬರಲಿಲ್ಲ. ಅವರು ಬೆಳಿಗ್ಗೆ ಕೋಟು ಹಾಕಿ ಜಗಲಿಯಲ್ಲಿ ಕೂರುತ್ತಿದ್ದರು, ಯಾರಾದರೂ ಕರೆಯಲು ಬರುತ್ತಾರೆ ಎಂಬಂತೆ.

ಆ ಹೊತ್ತಿಗೆ ಅಕ್ಕ ಕಾನ್ವೆಂಟಿನ ವರ್ಕ್‌ರೂಮಿಗೆ ಸೇರಿದ್ದಳು. ಇಗರ್ಜಿಯ ಪಕ್ಕದ ಸಣ್ಣ ಕಾನ್ವೆಂಟು ಅದು. ಅಲ್ಲಿಯ ಸಿಸ್ಟರುಗಳು ಬಡವರ ಮನೆಯ ಹುಡುಗಿಯರಿಗೆ ಲೇಸ್ ಹೆಣೆಯಲು ಕಲಿಸಿ, ಹೆಣೆದದ್ದನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳಿಸುತ್ತಿದ್ದರು. ತೊಡೆಯ ಮೇಲೊಂದು ಗಟ್ಟಿ ದಿಂಬು, ಅದರ ಮೇಲೆ ಚಿತ್ರ ಬರೆದ ದಪ್ಪ ಕಾಗದ, ಕಾಗದದ ತುಂಬ ಪಿನ್ನುಗಳು. ಆ ಪಿನ್ನುಗಳ ನಡುವೆ ಮರದ ಬಾಬಿನ್‌ಗಳನ್ನು ಅಡ್ಡ ಹಾಯಿಸುತ್ತಾ ಹೋದರೆ ನೂಲು ತಾನಾಗಿ ಹೂವಾಗುತ್ತದೆ. ಅಷ್ಟು ಜನ ಹೆಂಗಸರು ಜಪಸರದ ಪ್ರಾರ್ಥನೆ ಹೇಳುತ್ತಾ ಬಾಬಿನ್ ಆಡಿಸುವಾಗ ಬರುವ ಟಿಕ್ ಟಿಕ್ ಸದ್ದು ಮಾಡಿನ ಮೇಲೆ ಹನಿ ಬಿದ್ದ ಹಾಗಿರುತ್ತಿತ್ತು. ಅಕ್ಕ ಹೆಣೆಯುವಾಗ ದಿಂಬಿನ ಕಡೆ ನೋಡುತ್ತಲೇ ಇರಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಹೆಣೆಯುತ್ತಿದ್ದಳು. “ನೂಲು ಎಲ್ಲಿದೆ ಅಂತ ಬೆರಳಿಗೆ ಗೊತ್ತುಂಟು, ಕಣ್ಣು ಯಾಕೆ ಸುಮ್ಮನೆ?” ಎನ್ನುತ್ತಿದ್ದಳು.

ಆ ವರ್ಕ್‌ರೂಮಿನದ್ದೊಂದು ರೂಲ್ ಇತ್ತು. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಎಲ್ಲರೂ ಬಾಗಿಲಲ್ಲಿ ಸಾಲು ನಿಲ್ಲಬೇಕು, ಎರಡೂ ಕೈಗಳನ್ನು ಸೀರೆಗೆ ತಾಗದಂತೆ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ. ವರ್ಕ್‌ರೂಮಿನ ಸಿಸ್ಟರ್ ಒಂದು ರೇಷ್ಮೆ ಎಳೆಯನ್ನು ಬಿಗಿಯಾಗಿ ಹಿಡಿದು ಪ್ರತಿಯೊಬ್ಬಳ ಬೆರಳ ತುದಿಯ ಮೇಲೆ ಎಳೆಯುತ್ತಿದ್ದರು. ಎಳೆ ಜಾರಿದರೆ, “ಗೋ ಆಂಡ್ ಸಿಟ್, ಚೈಲ್ಡ್.” ಎಲ್ಲಾದರೂ ಒಡೆದ ಚರ್ಮಕ್ಕೆ ಸಿಕ್ಕಿಕೊಂಡರೆ, “ನಾಟ್ ಟುಡೇ, ಚೈಲ್ಡ್.” ಸಿಟ್ಟಿಲ್ಲ, ಬೈಗುಳವಿಲ್ಲ. ಆದರೆ ಆ ದಿನದ ಕೂಲಿ ಇಲ್ಲ. ಒರಟು ಬೆರಳು ತಾಗಿದರೆ ಆ ನೂಲು ಜೂಲು ಏಳುತ್ತದೆ, ಹಡಗು ಹತ್ತಿದ ಲೇಸು ಹಾಗೇ ವಾಪಸು ಬರುತ್ತದೆ. ಅದಕ್ಕಾಗಿಯೇ ನಮ್ಮ ಮನೆಯಲ್ಲಿ ಬೂದಿಯ ಮಡಕೆಗೆ ಅಷ್ಟು ಕಾವಲು. ಬೂದಿಯಲ್ಲಿ ಕೈ ಹಾಕಿದರೆ ಬೆರಳ ತುದಿ ಒಣಗಿ ಸೀಳುತ್ತದೆ ಎಂಬುದು ಲೇಸಿನವರ ಮನೆಗಳಲ್ಲಿ ಮಗುವಿಗೂ ಗೊತ್ತಿತ್ತು.

ಅಕ್ಕ ಒಂದು ದಿನವೂ ನಾಟ್ ಟುಡೇ ಎನಿಸಿಕೊಂಡ ನೆನಪು ನನಗಿಲ್ಲ. ಅವಳ ಬೆರಳುಗಳ ದೆಸೆಯಿಂದ ಅಪ್ಪನ ಕೋಟಿಗೆ ಇಸ್ತ್ರಿ ಬಿತ್ತು, ಒಲೆ ಉರಿಯಿತು. ನಾನು ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಹೋದೆ. ಅಲ್ಲಿ ನನಗೆ ಹಾಫ್ ಫೀ ಮಾಫಿ. ಉಳಿದರ್ಧ ಅಕ್ಕನ ಲೇಸು. ನಾನು ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಅವಳು ನನ್ನ ಗಲ್ಲ ಹಿಡಿದಳು. ಅಷ್ಟು ಮೆತ್ತನೆಯ ಕೈ ನನ್ನ ಜೀವಮಾನದಲ್ಲಿ ಇನ್ನೊಬ್ಬರದ್ದು ನಾನು ಕಂಡಿಲ್ಲ. “ಇಂಗ್ಲಿಷ್ ಕಲಿತು ಬಾ. ಸಿಸ್ಟರ್ ನನ್ನ ಹತ್ತಿರ ಎಂತ ಹೇಳ್ತಾರೆ ಅಂತ ಅರ್ಧ ನನಗೆ ಗೊತ್ತಾಗುವುದಿಲ್ಲ,” ಎಂದು ನಕ್ಕಳು.

ಆಮೇಲೆ ಯುದ್ಧ ಬಂತು. ಯುದ್ಧ ಎಲ್ಲಿಯೋ ದೂರದಲ್ಲಿತ್ತು, ನಮಗೆ ಅದು ನೂಲಿನ ಪಾರ್ಸೆಲ್ ಬಾರದಿರುವುದರ ಮೂಲಕ ಗೊತ್ತಾಯಿತು. ನೂಲು ಬರುವುದೂ ಹಡಗಿನಲ್ಲಿ, ಲೇಸು ಹೋಗುವುದೂ ಹಡಗಿನಲ್ಲಿ. ಇದ್ದಷ್ಟು ನೂಲು ಮುಗಿಯುವವರೆಗೆ ಹೆಣೆದರು. ಕೊನೆಯ ದಿನ ಸಿಸ್ಟರ್ ದಿಂಬುಗಳಿಗೆಲ್ಲ ಬಟ್ಟೆ ಹೊದಿಸಿದರಂತೆ, ಲೆಂಟಿನ ಉಪವಾಸದ ದಿನಗಳಲ್ಲಿ ಪ್ರತಿಮೆಗಳಿಗೆ ಮುಸುಕು ಹಾಕುವ ಹಾಗೆ. ಹೊರಟು ನಿಂತ ಹೆಂಗಸರಿಗೆ ಒಂದೇ ಮಾತು ಹೇಳಿದರಂತೆ: “ಕೀಪ್ ಯುವರ್ ಹ್ಯಾಂಡ್ಸ್. ಯುದ್ಧ ಮುಗಿದ ಮೇಲೆ ಬನ್ನಿ. ಕೈ ಉಳಿದರೆ ಕೆಲಸ ಉಳಿಯುತ್ತದೆ.”

ಅಕ್ಕ ಆ ಮಾತನ್ನು ಹರಕೆ ಹೊತ್ತಂತೆ ಹೊತ್ತುಕೊಂಡಳು. ಆದರೆ ಅಕ್ಕಿ ರೇಷನ್ನಿಗೆ ಬಂದಿತ್ತು. ಯಾರೂ ಬೇಯಿಸಲು ಅರಿಯದ ಎಂತೆಂಥದೋ ಧಾನ್ಯ ಕೊಡುತ್ತಿದ್ದರು, ಅದಕ್ಕೂ ಕೈಯಲ್ಲಿ ಕಾಸು ಬೇಕು. ಅದೇ ಸಮಯಕ್ಕೆ ನಮ್ಮಿಂದ ನಡೆದು ಹೋಗುವಷ್ಟು ದೂರದಲ್ಲಿ ಗೇರುಬೀಜದ ಫ್ಯಾಕ್ಟರಿಯೊಂದು ತೆರೆಯಿತು. ಗುಡ್ಡಗಳ ತುಂಬ ಬಿದ್ದು ಹೋಗುತ್ತಿದ್ದ ಬೀಜಕ್ಕೆ ಬೆಲೆ ಬಂತು. ಅದರ ಸಿಪ್ಪೆಯ ಎಣ್ಣೆ ಯುದ್ಧಕ್ಕೆ ಬೇಕು ಎಂದು ಜನ ಹೇಳುತ್ತಿದ್ದರು, ಯುದ್ಧದಲ್ಲಿ ಅದನ್ನು ಎಂತ ಮಾಡುತ್ತಾರೋ ದೇವರಿಗೇ ಗೊತ್ತು. ಗಂಡಸರಿಗೆ ಕೆಲಸವಿಲ್ಲದ ಊರಿನಲ್ಲಿ ಹೆಂಗಸರಿಗೆ ಮಾತ್ರ ಕೆಲಸವಾಯಿತು. ಬೀಜ ಒಡೆಯಲು ಅವರೇ ಬೇಕು, ಅವರಿಗೆ ಗಂಡಸರ ಕೂಲಿ ಕೊಡಬೇಕಾಗಿಯೂ ಇಲ್ಲ.

ದೊಡ್ಡಮ್ಮ ಮೊದಲ ವಾರವೇ ಸೇರಿದಳು. ಅಕ್ಕ ಹೋಗುತ್ತೇನೆ ಎಂದ ದಿನ ನಾನು ರಜೆಯಲ್ಲಿ ಮನೆಯಲ್ಲಿದ್ದೆ. ಜಗಲಿಯಿಂದ ಅಪ್ಪನ ಸ್ವರ ಏರಿತು.

“ಕಾನ್ವೆಂಟಿನ ಹುಡುಗಿ ಫ್ಯಾಕ್ಟರಿಗಾ? ಜನ ಎಂತ ಹೇಳಿಯಾರು?”

“ಜನ ನಮಗೆ ಅಕ್ಕಿ ತಂದು ಕೊಡ್ತಾರಾ ಅಪ್ಪ?”

ಅಪ್ಪ ಕೋಟಿನ ಗುಂಡಿ ಹಾಕಿದರು, ತೆಗೆದರು. ಅಮ್ಮ ಮಾತ್ರ ಕೇಳಿದಳು, “ಕೈ?”

“ನೋಡಿಕೊಳ್ತೇನೆ. ಒಳಗಿನ ತಿರುಳಿನ ತೆಳು ಸಿಪ್ಪೆ ಸುಲಿಯುವ ಪೀಲಿಂಗ್ ಕೆಲಸ ಕೇಳ್ತೇನೆ. ಅಲ್ಲಿ ಎಣ್ಣೆ ತಾಗುವುದಿಲ್ಲಂತೆ.”

ಪೀಲಿಂಗಿನಲ್ಲಿ ಜಾಗ ಸಿಗಲಿಲ್ಲ. ಅದು ಮೇಸ್ತ್ರಿಯ ಕಡೆಯವರಿಗೆ. ಅಕ್ಕನಿಗೆ ಸಿಕ್ಕಿದ್ದು ಒಡೆಯುವ ಕೆಲಸ.

ಮರುವರ್ಷದ ಬೇಸಿಗೆ ರಜೆಯಲ್ಲಿ ನಾನು ಅವಳಿಗೆ ಬುತ್ತಿ ಕೊಂಡುಹೋದೆ. ಉದ್ದನೆಯ ಸೋಗೆಯ ಶೆಡ್ಡು. ಹುರಿದ ಬೀಜದ ಹೊಗೆ ಕಣ್ಣಿಗೆ, ಗಂಟಲಿಗೆ. ಹೆಂಗಸರು ನೆಲದಲ್ಲಿ ಸಾಲಾಗಿ ಕೂತು, ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಒಂದೇಟು ಹಾಕಿ ತಿರುಳು ತೆಗೆಯುತ್ತಿದ್ದರು. ತಿರುಳು ಚೂರಾಗಿ ಬಂದದ್ದಕ್ಕೆ ಒಂದು ಕೂಲಿ, ಇಡಿಯಾಗಿ ಬಂದದ್ದಕ್ಕೆ ಅದಕ್ಕಿಂತ ಜಾಸ್ತಿ. ಅಲ್ಲಿಯ ಲೆಕ್ಕದಲ್ಲಿ ಪೀಸಸ್ ಮತ್ತು ಹೋಲ್ಸ್. ಪ್ರತಿಯೊಬ್ಬಳ ಪಕ್ಕದಲ್ಲಿಯೂ ಒಂದು ತೆಂಗಿನ ಗೆರಟೆ, ಗೆರಟೆಯಲ್ಲಿ ಬೂದಿ. ಆಗಾಗ ಬೆರಳು ಬೂದಿಗೆ ಅದ್ದಿ ಒಡೆಯುವುದು, ಮತ್ತೆ ಅದ್ದುವುದು. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಬೂದಿ ಅದನ್ನು ಹೀರಿಕೊಳ್ಳುತ್ತದೆ. ಕೈ ಕಪ್ಪಾಗುತ್ತದೆ, ಒರಟಾಗುತ್ತದೆ, ಅಷ್ಟೆ. ಮಳೆಗಾಲದಲ್ಲಿ ಬೀಜ ಮುಗಿದು ಫ್ಯಾಕ್ಟರಿ ನಿಂತಾಗ ಆ ಕಪ್ಪು ಸುಲಿದು ಹೋಗುತ್ತದೆ.

ಅಕ್ಕನ ಪಕ್ಕದಲ್ಲಿ ಗೆರಟೆ ಇರಲಿಲ್ಲ. ಅವಳ ಹತ್ತೂ ಬೆರಳುಗಳಿಗೆ ಬಿಳಿಯ ಮಲ್ಲು ಬಟ್ಟೆಯ ಪಟ್ಟಿ ಸುತ್ತಿತ್ತು, ಅಚ್ಚುಕಟ್ಟಾಗಿ, ಬಾಬಿನ್‌ಗೆ ನೂಲು ಸುತ್ತಿದ ಹಾಗೆ. ಬಿಳಿ ಎಂದೆ, ಮಧ್ಯಾಹ್ನದ ಹೊತ್ತಿಗೆ ಅದು ಕಂದು ಬಣ್ಣಕ್ಕೆ ತಿರುಗಿ ಒದ್ದೆಯಾಗಿತ್ತು.

“ನೋಡು, ನಿನ್ನ ಅಕ್ಕನ ಮದರಂಗಿ ನೋಡು,” ಎಂದಳು ದೊಡ್ಡಮ್ಮ ಪಕ್ಕದಿಂದ. ಸಾಲಿಗೆ ಸಾಲೇ ನಕ್ಕಿತು. “ಲೇಸ್ ಬಾಯಮ್ಮನಿಗೆ ಬೂದಿ ಆಗುವುದಿಲ್ಲ. ಹೇಳಿ ಹೇಳಿ ನನ್ನ ನಾಲಗೆ ಸವೆಯಿತು ಮಾರಾಯ್ತಿ. ಬೂದಿ ಹಚ್ಚು, ಬೂದಿ ಹಚ್ಚು!”

“ಬೂದಿ ಹಚ್ಚಿದರೆ ತುದಿ ಒಡೀತದೆ ದೊಡ್ಡಮ್ಮ. ಒಡೆದ ಮೇಲೆ ನೂಲು ಹಿಡೀತದೆ.”

“ನೂಲಾ? ನೂಲು ಎಲ್ಲಿ ಉಂಟು? ಸಮುದ್ರದ ಅಡಿಯಲ್ಲಿ ಉಂಟು!”

ಮತ್ತೆ ನಗು. ಅಕ್ಕನೂ ನಕ್ಕಳು, ಕೊಡತಿ ನಿಲ್ಲಿಸಲಿಲ್ಲ. ಅವಳ ಬುಟ್ಟಿಯಲ್ಲಿ ಹೆಚ್ಚಿನವು ಇಡಿಯ ತಿರುಳುಗಳೇ. ಬೆರಳಿನ ನಯ ಇಲ್ಲಿಯೂ ಕೆಲಸಕ್ಕೆ ಬಂದಿತ್ತು.

ಬಟ್ಟೆ ಸುತ್ತಿದರೆ ಎಣ್ಣೆ ತಾಗುವುದಿಲ್ಲ ಎಂದು ಅವಳು ತಿಳಿದಿದ್ದಳು. ಅಮ್ಮನೂ ಹಾಗೇ ತಿಳಿದಿದ್ದಳು. ಹಳೆಯ ಸೀರೆ ಹರಿದು ಪಟ್ಟಿ ಮಾಡಿ ಕೊಡುತ್ತಿದ್ದವಳು ಅವಳೇ. ನಮ್ಮ ಮನೆಯಲ್ಲಿ ಯಾರಿಗೂ ಬೇರೆ ಹೊಳೆಯುವಂತಿರಲಿಲ್ಲ. ಇಷ್ಟು ವರ್ಷ ಬೂದಿಯೆಂದರೆ ಶತ್ರು, ಬಿಳಿಯ ಬಟ್ಟೆಯೆಂದರೆ ಕಾವಲು. ಆದರೆ ಬಟ್ಟೆ ಎಣ್ಣೆಯನ್ನು ಕುಡಿದು ಬೆಳಗಿನಿಂದ ಸಂಜೆಯವರೆಗೆ ಚರ್ಮಕ್ಕೆ ಒತ್ತಿ ಹಿಡಿಯುತ್ತಿತ್ತು. ಉಳಿದವರಿಗೆ ಮೇಲಿಂದ ತಾಗಿ ಹೋಗುವ ಬೆಂಕಿ ಅವಳಿಗೆ ಒಳಗೆ ಇಳಿಯಿತು.

ಆ ಸಂಜೆ ಅಮ್ಮ ಪಟ್ಟಿ ಬಿಚ್ಚುವಾಗ ನಾನು ಚಿಮಿಣಿ ದೀಪ ಹಿಡಿದು ನಿಂತಿದ್ದೆ. ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು ಒಡೆದು, ಅದರ ಮೇಲೆ ಮತ್ತೆ ಎದ್ದಿತ್ತು. ಅಮ್ಮ ತೆಂಗಿನ ಹಾಲಿನ ಬಟ್ಟಲಲ್ಲಿ ಆ ಕೈಗಳನ್ನು ಮುಳುಗಿಸಿ ಹಿಡಿದಳು. ಅಕ್ಕ ಹಲ್ಲು ಕಚ್ಚಿಕೊಂಡು ನನ್ನ ಹತ್ತಿರ ಹೇಳಿದಳು, “ಅಲ್ಲಿ ಎಂತ ಕಲಿತೆ, ಒಂದು ಇಂಗ್ಲಿಷ್ ಪದ್ಯ ಹೇಳು ನೋಡುವ.” ನಾನು ಹೇಳಿದೆ. ಯಾವ ಪದ್ಯ ಎಂದು ಈಗ ನೆನಪಿಲ್ಲ. ಹಾಲು ನಿಧಾನವಾಗಿ ಕಂದಾದದ್ದು ನೆನಪಿದೆ.

ಹೀಗೆ ಕೆಲವು ಬೇಸಿಗೆಗಳು ಹೋದವು. ಪ್ರತಿ ಮಳೆಗಾಲದಲ್ಲಿ ಗಾಯ ಮಾಯುತ್ತಿತ್ತು, ಮಾರ್ಚಿನಲ್ಲಿ ಬೀಜ ಬಂದಾಗ ಮತ್ತೆ ಏಳುತ್ತಿತ್ತು. ಯುದ್ಧ ಮುಗಿಯಿತು. ಮುಗಿದ ಕೂಡಲೇ ನೂಲು ಬರಲಿಲ್ಲ. ಮಿಲಿಟರಿಗೆ ಸೇರಿದ್ದ ಗಂಡಸರು ಮೊದಲು ಬಂದರು, ಖಾಕಿ ಚಡ್ಡಿಯಲ್ಲಿ, ಕೆಲಸ ಹುಡುಕುತ್ತಾ. ಅದೊಂದು ಮಳೆಗಾಲದ ಆರಂಭದಲ್ಲಿ ಸಿಸ್ಟರ್ ಇಗರ್ಜಿಯಲ್ಲಿ ಮಾಸ್ ಪೂಜೆ ಮುಗಿದ ನಂತರ ಅಮ್ಮನನ್ನು ಕರೆದು, ಕ್ರಿಸ್ಮಸಿನ ಹೊತ್ತಿಗೆ ವರ್ಕ್‌ರೂಮ್ ತೆರೆಯುತ್ತದೆ, ಮಗಳನ್ನು ಕಳಿಸಿ ಎಂದರು.

ಆ ಆರು ತಿಂಗಳು ನಮ್ಮ ಮನೆಯಲ್ಲಿ ಅಕ್ಕನ ಕೈಯದ್ದೇ ಆರಾಧನೆ. ಫ್ಯಾಕ್ಟರಿ ಹೇಗೂ ನಿಂತಿತ್ತು. ನಾರು ಹೊಸೆಯುವ ಕೆಲಸಕ್ಕೂ ಅಮ್ಮ ಅವಳನ್ನು ಬಿಡಲಿಲ್ಲ. ನಾವು ಅರ್ಧ ಹೊಟ್ಟೆಯಲ್ಲಿದ್ದೆವು. ಆದರೂ ಬೆಳಿಗ್ಗೆ ಬೆಣ್ಣೆ, ಸಂಜೆ ತೆಂಗಿನೆಣ್ಣೆ, ಎರಡೂ ಆ ಹತ್ತು ಬೆರಳಿಗೆ. ದೊಡ್ಡಮ್ಮ ತನ್ನ ಆಕಳ ಬೆಣ್ಣೆಯನ್ನು ಬೇಲಿಯ ಮೇಲಿಂದ ಕೊಡುತ್ತಾ, “ತಕೋ, ನಿನ್ನ ಮಾತೆಗೆ ಅಭಿಷೇಕ ಮಾಡು,” ಎನ್ನುತ್ತಿದ್ದಳು. ಅಪ್ಪನೂ ದಿನಾ ಕೇಳುತ್ತಿದ್ದರು, “ಈಗ ಹೇಗುಂಟು? ತೋರಿಸು.” ಗಾಯ ಮಾಯ್ದು ಹೊಸ ಚರ್ಮ ಬಂತು. ನಯವಾಗಿತ್ತು, ಹೊಳೆಯುತ್ತಿತ್ತು, ಕೊಡೆಯ ರೇಷ್ಮೆಯ ಹಾಗೆ.

ಡಿಸೆಂಬರಿನಲ್ಲಿ ನಾನು ಟೀಚರ್ಸ್ ಟ್ರೈನಿಂಗಿನ ರಜೆಯಲ್ಲಿ ಬಂದಿದ್ದೆ. ಅಕ್ಕನ ಜೊತೆ ನಾನೂ ಕಾನ್ವೆಂಟಿಗೆ ಹೋದೆ. ಹೆಂಗಸರು ಮೊದಲಿನಂತೆ ಬಾಗಿಲಲ್ಲಿ ಸಾಲು ನಿಂತು ಕೈ ಚಾಚಿದರು. ಸಿಸ್ಟರಿಗೆ ವಯಸ್ಸಾಗಿತ್ತು. ಅಕ್ಕನ ಮುಂದಿದ್ದ ಇಬ್ಬರಿಗೆ ನಾಟ್ ಟುಡೇ ಆಯಿತು. ಅಕ್ಕನ ಬೆರಳ ಮೇಲೆ ಎಳೆ ಹಾಯಿತು. ಒಂದು ಬೆರಳು, ಮತ್ತೊಂದು. ಎಲ್ಲಿಯೂ ಸಿಕ್ಕಲಿಲ್ಲ. ಎಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು.

“ಬ್ಯೂಟಿಫುಲ್,” ಎಂದರು ಸಿಸ್ಟರ್. “ಯೂ ಕೆಪ್ಟ್ ದೆಮ್. ಗೋ ಆಂಡ್ ಸಿಟ್, ಮೈ ಚೈಲ್ಡ್.”

ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಬಾಗಿಲ ಬಳಿಯ ಬೆಂಚಿನಲ್ಲಿ ನನಗೆ ಕೂರಲು ಬಿಟ್ಟರು. ದಿಂಬಿನ ಮುಸುಕು ತೆಗೆದು ಅಕ್ಕ ಕಿಟಕಿಯ ಪಕ್ಕದ ತನ್ನ ಹಳೆಯ ಜಾಗದಲ್ಲಿ ಕೂತಳು. ಬಾಬಿನ್ ಎತ್ತಿಕೊಂಡಳು, ಕಿಟಕಿಯ ಕಡೆ ಮುಖ ಮಾಡಿದಳು, ಕೈ ಆಡಿಸತೊಡಗಿದಳು. ಜಪಸರ ಶುರುವಾಯಿತು. ಸ್ವಲ್ಪ ಹೊತ್ತಿಗೆ ಒಂದು ಬಾಬಿನ್ ಜಾರಿ ನೆಲಕ್ಕೆ ಬಿತ್ತು. ಅವಳು ನಕ್ಕು ಎತ್ತಿಕೊಂಡಳು. ಇನ್ನೊಂದು ಬಿತ್ತು. ಈಗ ಅವಳು ಕಿಟಕಿ ಬಿಟ್ಟು ದಿಂಬಿನತ್ತ ನೋಡಿದಳು. ನೂಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದಳು. ಮತ್ತೆ ಉಜ್ಜಿದಳು, ಅಲ್ಲಿ ನೂಲು ಇದೆಯೋ ಇಲ್ಲವೋ ಎಂದು ಕೇಳುವ ಹಾಗೆ. ಆಮೇಲೆ ಕಣ್ಣು ತಗ್ಗಿಸಿ, ತೀರ ಹತ್ತಿರದಿಂದ, ಹೊಸದಾಗಿ ಕಲಿಯುವ ಮಗುವಿನಂತೆ ಹೆಣೆಯತೊಡಗಿದಳು.

ಸಿಸ್ಟರ್ ಸಾಲಿನ ನಡುವೆ ನಡೆಯುತ್ತಾ ಬಂದವರು ಅವಳ ಹಿಂದೆ ನಿಂತರು. ಹೆಣೆದ ಬಿಳಿಯ ಅಂಚಿನ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ. ಪಿನ್ನು ಒತ್ತುವಾಗ ಬೆರಳಿಗೆ ಚುಚ್ಚಿತ್ತು. ಒಂದು ಸಲವಲ್ಲ. ಅಕ್ಕನಿಗೆ ಗೊತ್ತೇ ಆಗಿರಲಿಲ್ಲ. ನೂಲನ್ನು ನೋಡುವುದರಲ್ಲಿ ಅವಳು ರಕ್ತವನ್ನೂ ನೋಡಿರಲಿಲ್ಲ.

ಸಿಸ್ಟರ್ ಅವಳ ಕೈ ಹಿಡಿದೆತ್ತಿ, ಒಂದು ಪಿನ್ನನ್ನು ತೋರುಬೆರಳ ತುದಿಗೆ ಮೆಲ್ಲನೆ ಒತ್ತಿದರು. “ಡಸ್ ಇಟ್ ಹರ್ಟ್?” ಎಂದರು.

ಅಕ್ಕ ಉತ್ತರಕ್ಕಾಗಿ ನನ್ನ ಕಡೆ ನೋಡಿದಳು. ಇಂಗ್ಲಿಷ್ ತಿಳಿಯಲಿಲ್ಲವೇನೋ ಎಂದು, “ನೋವಾಗ್ತದಾ ಅಂತ ಕೇಳ್ತಾರೆ,” ಎಂದೆ.

“ಆಗ್ತದೆ ಅಂತ ಹೇಳು,” ಎಂದಳು ಅಕ್ಕ.

ನಾನು ಹೇಳಿದೆ. ಸಿಸ್ಟರ್ ನನ್ನನ್ನು ನೋಡಿದರು, ಅವಳನ್ನು ನೋಡಿದರು.

“ನಾಟ್ ಟುಡೇ, ಚೈಲ್ಡ್.”

“ಹಾಗಾದರೆ ಯಾವಾಗ ಸಿಸ್ಟರ್?” ಅಕ್ಕ ಕನ್ನಡದಲ್ಲಿಯೇ ಕೇಳಿದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯ ಇರಲಿಲ್ಲ.

ಅಕ್ಕ ರಕ್ತ ತಾಗಿದಷ್ಟು ಅಂಚನ್ನು ತಾನೇ ಕತ್ತರಿಸಿದಳು, ಬಾಬಿನ್‌ಗಳನ್ನು ಜೋಡಿಸಿಟ್ಟಳು, ದಿಂಬಿಗೆ ಮುಸುಕು ಹೊದಿಸಿದಳು. ದಾರಿಯಲ್ಲಿ ಗದ್ದೆಯ ಕಂಟದ ಮೇಲೆ ನಡೆಯುವಾಗ ಅವಳು ಹೇಳಿದ್ದು ಇಷ್ಟೇ: “ಲೇಸಿನ ಆರ್ಡರ್ ಕಡಿಮೆ ಅಂತ ಅಮ್ಮನಿಗೆ ಹೇಳುವ, ಆಯ್ತಾ?”

ಅಮ್ಮ ಅದನ್ನು ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮಾರ್ಚಿನಲ್ಲಿ ಬೀಜ ಬಂದಾಗ ಅಕ್ಕ ಫ್ಯಾಕ್ಟರಿಗೆ ಹೋದಳು. ಈ ಸಲ ಅವಳ ಪಕ್ಕದಲ್ಲಿಯೂ ಒಂದು ಗೆರಟೆ ಬೂದಿ. ದೊಡ್ಡಮ್ಮ ತನ್ನ ಗೆರಟೆಯಿಂದ ಅರ್ಧ ಸುರಿದು ಕೊಟ್ಟಳಂತೆ, ತಮಾಷೆ ಮಾಡಲಿಲ್ಲವಂತೆ.

ನಾನು ಟೀಚರ್ ಆದೆ, ನಮ್ಮ ಮನೆಯಲ್ಲಿ ತಿಂಗಳು ತಿಂಗಳು ಸಂಬಳ ತಂದ ಮೊದಲ ಹೆಣ್ಣು. ಅಪ್ಪ ತೀರಿಕೊಂಡರು, ಕೋಟು ಹಾಕಿಯೇ ಮಣ್ಣು ಮಾಡಿದೆವು. ಐವತ್ತರ ದಶಕದಲ್ಲಿ ಫ್ಯಾಕ್ಟರಿಗಳಿಗೆ ಯೂನಿಯನ್ ಬಂತು, ಮೆರವಣಿಗೆ ಬಂತು, ಕೂಲಿ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಎಂಬ ಕಾನೂನು ಬಂತು. ಅಕ್ಕನೂ ಮೆರವಣಿಗೆಯಲ್ಲಿ ನಡೆದಳು, ಕಪ್ಪು ಕೈ ಎತ್ತಿ. ಕೂಲಿ ಏರಿತು ಕೂಡ. ಆಮೇಲೆ ರಾಜ್ಯಗಳ ಗೆರೆ ಎಳೆದರು. ಗೆರೆ ನಮ್ಮ ಊರಿನ ಅಂಚಿಗೇ ಬಂತು, ಮಂಗಳೂರು ಆಚೆ ಹೋಯಿತು, ನಾವು ಈಚೆ ಉಳಿದೆವು. ಫ್ಯಾಕ್ಟರಿಯ ಮಾಲಕನಿಗೆ ಆಚೆಯ ಕೂಲಿ ಅಗ್ಗವೆನಿಸಿತು. ಶೆಡ್ಡನ್ನು ಬಿಚ್ಚಿ ಗೆರೆಯ ಆಚೆ ಕಟ್ಟಿದ. ಎಳೆಯ ಹುಡುಗಿಯರು ಗೆರೆ ದಾಟಿ ಅಲ್ಲಿಗೂ ನಡೆದು ಹೋದರು. ಬೇಗ ಒಡೆಯಲಾಗದವರನ್ನು ಅವನು ತೆಗೆದುಕೊಳ್ಳಲಿಲ್ಲ. ಅಕ್ಕನ ಬೆರಳು ಆಗಲೇ ಮಡಚಲು ಕಷ್ಟಪಡುತ್ತಿತ್ತು.

ಒಂದು ಭಾನುವಾರ ನಾನು ಮನೆಗೆ ಹೋಗಿದ್ದೆ. ಅಮ್ಮನಿಗೆ ಬೆನ್ನು ಬಾಗಿ ಹೋಗಿತ್ತು, ಗೋಡೆ ಹಿಡಿದು ನಡೆಯುತ್ತಿದ್ದಳು. ಊಟವಾಯಿತು. ಅಕ್ಕ ಎದ್ದು ಪಾತ್ರೆಗಳನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು. ಕುಕ್ಕರುಗಾಲಲ್ಲಿ ಕೂತು ಮಡಕೆಯಿಂದ ಒಂದು ಹಿಡಿ ಬೂದಿ ತೆಗೆದಳು. ಅಮ್ಮ ಗೋಡೆ ಹಿಡಿಯುತ್ತಾ ಹಿಡಿಯುತ್ತಾ ಬಾಗಿಲು ದಾಟಿ ಅವಳ ಬಳಿ ಹೋಗಿ, ಬಗ್ಗಿ ಪಾತ್ರೆಯನ್ನು ಕಸಿದುಕೊಂಡಳು.

“ಬಿಡು, ಕೈ ಹಾಳಾಗ್ತದೆ.”

ಅಕ್ಕ ಬಿಟ್ಟುಕೊಟ್ಟಳು. ಕೈಗಂಟಿದ ಬೂದಿಯನ್ನು ತೊಳೆದಳು. ಅಮ್ಮ ಬೆಳಗಿ ಮುಗಿಸುವವರೆಗೆ ಅವಳು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು, ಎರಡೂ ಕೈಗಳನ್ನು ಸೀರೆಗೆ ತಾಗದಂತೆ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ.